ಹೊಸ ಲ್ಯಾಪ್‌ಟಾಪ್‌ನೊಳಗೆ ಮೊದಲೇ ಏನೇನಿತ್ತು

ಹೊಸ ಕಂಪ್ಯೂಟರ್ ಬಂದ ಕೂಡಲೇ ನಮ್ಮಲ್ಲಿ ಎಲ್ಲರೂ ಶುರು ಮಾಡುವುದು ಇನ್‌ಸ್ಟಾಲ್‌ನಿಂದ. ಪಿಡಿಎಫ್ ಓದೋಕೆ ಒಂದು, ಸ್ಕ್ರೀನ್‌ಶಾಟ್‌ಗೆ ಒಂದು, ಕನ್ನಡಕ್ಕೆ ಒಂದು, ವೈರಸ್‌ಗೆ ಇನ್ನೊಂದು. ನಾನು ಈ ಸಲ ಉಲ್ಟಾ ಮಾಡಿದೆ. ಏನೂ ಹಾಕದೆ, ಒಳಗೆ ಆಗಲೇ ಏನೇನಿದೆ ಅಂತ ಮೊದಲು ನೋಡಿದೆ.

ನನ್ನ ಕೆಲಸ ಒಂದು ಪತ್ತಿನ ಸಹಕಾರ ಸಂಘದ್ದು. ಲೆಕ್ಕ, ಪತ್ರ, ಸಭೆಯ ನಡಾವಳಿ. ಹಳೇ ಮಷೀನಿನಲ್ಲಿ ವಿಂಡೋಸ್ 10 ಇತ್ತು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲ ನಿಲ್ಲಿಸಿತು. ಆ ಮಷೀನು ವಿಂಡೋಸ್ 11ನ್ನು ತಗೊಳ್ಳಲಿಲ್ಲ. ಹಾಗಾಗಿ ಹೊಸ ಲ್ಯಾಪ್‌ಟಾಪ್.

ಅಂಗಡಿಯ ಹುಡುಗ, "ಮೇಡಂ, ಎಲ್ಲಾ ಸೆಟಪ್ ಮಾಡಿ, ಸಾಫ್ಟ್‌ವೇರ್ ಹಾಕಿ ಕೊಡ್ತೀವಿ" ಅಂದ. ಬೇಡ, ಡಬ್ಬ ಹಾಗೇ ಕೊಡಪ್ಪ ಅಂದೆ. ಇದಕ್ಕೆ ಕಾರಣ ಇದೆ. ವಿಂಡೋಸ್ 11 ಹೋಮ್ ಸೆಟಪ್ ಆಗುವಾಗ ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಆ ಹೊತ್ತಿಗೆ ಅಂಗಡಿಯವರು ತಮ್ಮ ಕೈಗೆ ಸಿಕ್ಕ ಇ-ಮೇಲ್ ಹಾಕಿಬಿಟ್ಟರೆ, ಲ್ಯಾಪ್‌ಟಾಪ್ ಜೊತೆ ಬಂದ ಆಫೀಸ್ ಲೈಸೆನ್ಸ್ ಆ ಖಾತೆಗೇ ಅಂಟಿಕೊಳ್ಳಬಹುದು. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಬಹುತೇಕ ತಾನಾಗೇ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಬೀಗ ಬೀಳುತ್ತದೆ. ಅದನ್ನು ತೆಗೆಯುವ 48 ಅಂಕಿಯ ರಿಕವರಿ ಕೀ ಸೆಟಪ್ ಮಾಡಿದವರ ಖಾತೆಯಲ್ಲಿ ಕೂರುತ್ತದೆ. ದಿನಾ ಬಳಸುವಾಗ ಅದರ ಸುದ್ದಿಯೇ ಇರಲ್ಲ. ಮದರ್‌ಬೋರ್ಡ್ ಬದಲಾಯಿಸಿದಾಗ, ಒಮ್ಮೊಮ್ಮೆ ಬಯೋಸ್ (ಆನ್ ಮಾಡಿದ ಕೂಡಲೇ ಮೊದಲು ಓಡುವ ಪ್ರೋಗ್ರಾಂ) ಅಪ್‌ಡೇಟ್ ಆದಮೇಲೆ, ನೀಲಿ ಪರದೆ ಬಂದು ಕೀ ಕೊಡಿ ಅನ್ನುತ್ತದೆ. ಆಗ ಅಂಗಡಿಯ ಹುಡುಗನನ್ನು ಎಲ್ಲಿ ಹುಡುಕೋದು? ಸಂಘದ ಇ-ಮೇಲ್‌ನಲ್ಲೇ ಸೆಟಪ್ ಮಾಡಿದೆ. ಕೀಯನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಕಾರ್ಯದರ್ಶಿಗಳ ಫೈಲಿಗೆ ಸೇರಿಸಿದೆ.

ಒಳಗೆ ಹೋದ ಮೇಲೆ ಮೊದಲು ಕಣ್ಣಿಗೆ ಬಿದ್ದದ್ದು ಡಿಸ್ಕ್. ಡಬ್ಬದ ಮೇಲೆ 512 ಜಿಬಿ, ಒಳಗೆ 476. ಇದು ಮೋಸ ಅಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ನಮ್ಮ ನಿರ್ದೇಶಕರೊಬ್ಬರಿಗೆ ಇದನ್ನು ಒಪ್ಪಿಸುವಷ್ಟರಲ್ಲಿ ಒಂದು ಲೋಟ ಕಾಫಿ ಆರಿಹೋಯಿತು.

ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಇನ್‌ಸ್ಟಾಲ್ಡ್ ಆಪ್ಸ್ ಪಟ್ಟಿ ತೆಗೆದೆ. ಉದ್ದ ಪಟ್ಟಿ. ಆದರೆ ಹೆಸರಿನ ಕೆಳಗೆ ಸಾಮಾನ್ಯವಾಗಿ ತಯಾರಿಸಿದವರ ಹೆಸರೂ ಇರುತ್ತದೆ. ಅದನ್ನು ನೋಡುತ್ತಾ ಹೋದರೆ ಯಾವುದು ಯಾರದ್ದು ಅಂತ ಗೊತ್ತಾಗುತ್ತದೆ. ಕೆಲವು ವಿಂಡೋಸ್‌ನವೇ. ಕೆಲವು ಲ್ಯಾಪ್‌ಟಾಪ್ ಕಂಪನಿಯವು. ಉಳಿದವು ದುಡ್ಡು ಕೊಟ್ಟು ಒಳಗೆ ಕೂತ ಅತಿಥಿಗಳು: ಟ್ರಯಲ್ ಆಂಟಿವೈರಸ್, ಆಟ, ಶಾಪಿಂಗ್.

ಟ್ರಯಲ್ ಆಂಟಿವೈರಸ್ ಮೊದಲು ಹೋಯಿತು. ಅದು ಇರುವಷ್ಟು ದಿನ ವಿಂಡೋಸ್‌ನ ಸ್ವಂತ ಡಿಫೆಂಡರ್ ಪಕ್ಕಕ್ಕೆ ಸರಿದು ಸುಮ್ನೆ ಕೂತಿರುತ್ತದೆ. ತೆಗೆದು ರೀಸ್ಟಾರ್ಟ್ ಮಾಡಿದರೆ ತಾನೇ ಎದ್ದು ಬರುತ್ತದೆ. ವಿಂಡೋಸ್ ಸೆಕ್ಯುರಿಟಿ ತೆಗೆದು ಹಸಿರು ಗುರುತು ನೋಡಿಕೊಂಡರೆ ಸಾಕು. ನಮ್ಮಂಥ ಕಚೇರಿಗೆ ಬೇರೇದು ಬೇಕು ಅಂತ ನನಗೆ ಅನ್ನಿಸಿಲ್ಲ. ರಿಯಲ್‌ಟೆಕ್, ಇಂಟೆಲ್, ವಿಷುಯಲ್ ಸಿ++ ಅನ್ನೋ ಹೆಸರುಗಳನ್ನು ಮಾತ್ರ ಮುಟ್ಟಬೇಡಿ. ಅರ್ಥ ಆಗಲಿಲ್ಲ ಅಂತ ತೆಗೆದರೆ ನಾಳೆ ಸ್ಪೀಕರ್ ಮಾತಾಡಲ್ಲ.

ಲ್ಯಾಪ್‌ಟಾಪ್ ಕಂಪನಿಯ ಆಪನ್ನೂ ಜನ ಕಸ ಅಂತ ತೆಗೆದುಹಾಕುತ್ತಾರೆ. ನಾನು ಉಳಿಸಿಕೊಂಡೆ. ಲೆನೊವೊದಲ್ಲಿ ವಾಂಟೇಜ್, ಏಸಸ್‌ನಲ್ಲಿ ಮೈಏಸಸ್, ಹೀಗೆ ಒಬ್ಬೊಬ್ಬರದ್ದು ಒಂದೊಂದು. ಬ್ಯಾಟರಿಯನ್ನು ನೂರರ ತನಕ ತುಂಬಿಸದೆ 80ರ ಹತ್ತಿರ ನಿಲ್ಲಿಸುವ ಸೌಲಭ್ಯ ಇಂಥ ಆಪ್‌ಗಳಲ್ಲೇ ಸಿಗುತ್ತದೆ. ನಮ್ಮ ಲ್ಯಾಪ್‌ಟಾಪ್ ಇಡೀ ದಿನ ಚಾರ್ಜರ್‌ಗೆ ಸಿಕ್ಕಿಸಿಕೊಂಡೇ ಇರುತ್ತದೆ. ಲಿಥಿಯಂ ಬ್ಯಾಟರಿ ಸದಾ ತುಂಬಿಕೊಂಡು ಬಿಸಿಯಾಗಿ ಕೂತರೆ ಬೇಗ ಸವೆಯುತ್ತದೆ. ಈ ಒಂದು ಗುಂಡಿಗೋಸ್ಕರ ಆ ಆಪಿನ ಜಾಹೀರಾತುಗಳನ್ನೆಲ್ಲ ಸಹಿಸಿಕೊಂಡಿದ್ದೇನೆ.

ಒನ್‌ಡ್ರೈವ್, ಅಂದರೆ ಇಂಟರ್ನೆಟ್‌ನಲ್ಲಿ ಫೈಲು ಇಡುವ ಮೈಕ್ರೋಸಾಫ್ಟ್‌ನ ಜಾಗ, ಅದರ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ನೀವು ಗಮನಿಸದೇ ಇದ್ದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರನ್ನೂ ಅದು ತನ್ನ ಫೋಲ್ಡರ್ ಒಳಗೆ ಎಳೆದುಕೊಂಡಿರುತ್ತದೆ. ಪುಕ್ಕಟೆ ಜಾಗ 5 ಜಿಬಿ. ಸಾಲದ ಅರ್ಜಿ, ಪಹಣಿ, ಆಧಾರ್ ಪ್ರತಿ ಅಂತ ಸ್ಕ್ಯಾನ್ ಮಾಡುವ ಕಚೇರಿಗೆ ಅದು ಯಾವ ಮೂಲೆಗೆ? ತುಂಬಿತು, ದುಡ್ಡು ಕಟ್ಟಿ ಅಂತ ಶುರುವಾಗುತ್ತದೆ. ಅಲ್ಲದೆ ಸದಸ್ಯರ ದಾಖಲೆ ನಮಗೆ ಗೊತ್ತಿಲ್ಲದೇ ಹೊರಗೆ ಹೋಗೋದು ಸರಿಯಲ್ಲ ಅಲ್ವಾ? ಒನ್‌ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ ಮ್ಯಾನೇಜ್ ಬ್ಯಾಕಪ್ ಅಂತ ಇದೆ, ಅಲ್ಲಿ ಒಂದೊಂದನ್ನೇ ಆಫ್ ಮಾಡಬಹುದು. ಆಫ್ ಮಾಡಿದ ಕೂಡಲೇ ಡೆಸ್ಕ್‌ಟಾಪ್ ಖಾಲಿ ಆಗಿಬಿಟ್ಟರೆ ಗಾಬರಿ ಬೇಡ. ಫೈಲುಗಳು ಒನ್‌ಡ್ರೈವ್ ಫೋಲ್ಡರ್‌ನಲ್ಲೇ ಉಳಿದಿರುತ್ತವೆ, ಕಟ್ ಮಾಡಿ ವಾಪಸ್ ತರಬೇಕು. ಈ ಕೆಲಸವನ್ನು ಫೈಲು ತುಂಬುವ ಮೊದಲೇ ಮಾಡಿಕೊಂಡರೆ ಒಳ್ಳೇದು.

ಇಷ್ಟಾದ ಮೇಲೆ ಉಳಿದ ಸಾಮಾನಿನ ಪರಿಚಯಕ್ಕೆ ಕೂತೆ. ನಿಜವಾಗಿ ಖುಷಿ ಕೊಟ್ಟಿದ್ದು ಕ್ಯಾಲ್ಕುಲೇಟರ್. ಅದರ ಮೂರು ಗೆರೆಯ ಮೆನುವಿನಲ್ಲಿ ದಿನಾಂಕದ ಲೆಕ್ಕ ಇದೆ. ಠೇವಣಿ ಇಟ್ಟಿದ್ದು 2024ರ ಆಗಸ್ಟ್ 15, ಮುರಿಸಿದ್ದು 2025ರ ಜನವರಿ 26 ಅಂತ ಕೊಟ್ಟರೆ, ಐದು ತಿಂಗಳು ಒಂದು ವಾರ ನಾಲ್ಕು ದಿನ ಅನ್ನುತ್ತದೆ, ಕೆಳಗೇ 164 ದಿನ ಅಂತ ತೋರಿಸುತ್ತದೆ. ಬಡ್ಡಿಗೆ ನನಗೆ ಬೇಕಿರೋದು ಆ 164. ಮೊದಲೆಲ್ಲ ಕ್ಯಾಲೆಂಡರ್ ಹಾಳೆ ತಿರುವಿ ಬೆರಳು ಮಡಚಿ ಎಣಿಸುತ್ತಿದ್ದೆವು.

ವಿಂಡೋಸ್ ಕೀ ಜೊತೆ ವಿ ಒತ್ತಿದರೆ ಹಿಂದೆ ಕಾಪಿ ಮಾಡಿದ್ದೆಲ್ಲ ಸಾಲಾಗಿ ಬರುತ್ತದೆ, 25ರ ತನಕ. ಮೊದಲ ಸಲ ಆನ್ ಮಾಡಬೇಕು, ಅಷ್ಟೇ. ಸಂಘದ ಖಾತೆ ನಂಬರು, ಐಎಫ್‌ಎಸ್‌ಸಿ, ನೋಂದಣಿ ಸಂಖ್ಯೆ ಮೂರನ್ನೂ ಅಲ್ಲಿ ಪಿನ್ ಮಾಡಿಟ್ಟಿದ್ದೇನೆ. ಪಿನ್ ಮಾಡಿದ್ದು ರೀಸ್ಟಾರ್ಟ್ ಆದರೂ ಹೋಗಲ್ಲ. ಪಾಸ್‌ವರ್ಡ್ ಮಾತ್ರ ಅಲ್ಲಿ ಇಡಬೇಡಿ. ಪಿಡಿಎಫ್ ಓದೋಕೆ, ಗೆರೆ ಎಳೆಯೋಕೆ ವಿಂಡೋಸ್‌ನ ಬ್ರೌಸರ್ ಎಡ್ಜ್ ಸಾಕು. ವರ್ಡ್‌ಪ್ಯಾಡ್ ಹುಡುಕಿದೆ, ಇರಲಿಲ್ಲ. ವಿಂಡೋಸ್ 95ರಿಂದ ಇದ್ದದ್ದನ್ನು ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ತೆಗೆದಿದ್ದಾರೆ. ನೋಟ್‌ಪ್ಯಾಡ್‌ಗೆ ಟ್ಯಾಬ್ ಬಂದಿದೆ, ಸೇವ್ ಮಾಡದೇ ಮುಚ್ಚಿದರೂ ಬರೆದದ್ದು ಉಳಿದಿರುತ್ತದೆ. ಆಗಾಗ ಕರೆಂಟು ಹೋಗುವ ಊರಿನವರಿಗೆ ಇದರ ಬೆಲೆ ಗೊತ್ತು.

ಕನ್ನಡವೂ ಒಳಗೇ ಇದೆ. ಭಾಷೆಯ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ಸಿಗುತ್ತದೆ. 2019ರಿಂದ ಫೊನೆಟಿಕ್ ಕೂಡ ಇದೆ, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಪದಗಳ ಸಲಹೆ ಬರುತ್ತದೆ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಭಾಷೆ ಬದಲಿಸಬಹುದು. ನಿರ್ಮಲಾ ಫಾಂಟ್ ಓದೋಕೆ ಚೆನ್ನಾಗಿದೆ, ನೋಟಿಸ್ ಬೋರ್ಡಿಗೆ ಸ್ವಲ್ಪ ಸಪ್ಪೆ.

ಒಂದೇ ಒಂದು ಕಡೆ ಒಳಗಿನ ಸಾಮಾನು ಸಾಲಲಿಲ್ಲ. ನಮ್ಮ ಬೈಲಾ, ಹಳೇ ನಡಾವಳಿಗಳೆಲ್ಲ 'ನುಡಿ' ಅನ್ನೋ ಕನ್ನಡ ಸಾಫ್ಟ್‌ವೇರ್‌ನ ಹಳೇ ಫಾಂಟಿನಲ್ಲಿವೆ. ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ, ಕನ್ನಡದಲ್ಲಿ ಬಳಕೆಗೆ ಬರುವ ಮೊದಲಿನ ಪದ್ಧತಿ ಅದು. ಆ ಫಾಂಟ್ ಇಲ್ಲದ ಮಷೀನಿನಲ್ಲಿ ತೆಗೆದರೆ ವಿಚಿತ್ರ ಲ್ಯಾಟಿನ್ ಅಕ್ಷರಗಳು ಕಾಣುತ್ತವೆ. ಹಾಗಾಗಿ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯನ್ನು ಹಾಕಿಕೊಂಡೆ. ಬೇಕಾದಾಗ ಬೇಕಾದಷ್ಟೇ ಫೈಲನ್ನು ಯೂನಿಕೋಡಿಗೆ ಬದಲಾಯಿಸುತ್ತೇನೆ. ಬದಲಾದ ಮೇಲೆ ಎರಡು ಜಾಗ ಕಣ್ಣಿಟ್ಟು ನೋಡಬೇಕು. ಒಂದು ಅರ್ಕಾವತ್ತು, 'ಕಾರ್ಯದರ್ಶಿ' 'ವಾರ್ಷಿಕ' ಇಂಥ ಪದಗಳು. ಹಳೇ ಪದ್ಧತಿಯಲ್ಲಿ ಅದು ಅಕ್ಷರದ ನಂತರ ಬರುತ್ತಿತ್ತು, ಯೂನಿಕೋಡಿನಲ್ಲಿ ಮೊದಲು ಬರುತ್ತದೆ. ಇನ್ನೊಂದು, ಮಧ್ಯೆ ಇಂಗ್ಲಿಷಿನಲ್ಲಿದ್ದ ಹೆಸರು, ಚೆಕ್ಕಿನ ವಿವರ. ಬದಲಾಯಿಸುವ ಪ್ರೋಗ್ರಾಂ ಅವೂ ಕನ್ನಡ ಅಂತ ತಿಳಿದು ಅಕ್ಷರಗಳನ್ನು ಕಲಸಿ ಇಡುತ್ತದೆ. ಹಳೇ ಪ್ರತಿ ಪಕ್ಕದಲ್ಲಿಟ್ಟುಕೊಂಡು ಅಷ್ಟನ್ನು ಕೈಯಲ್ಲೇ ತಿದ್ದುತ್ತೇನೆ.