ಆರೂವರೆ ಲಕ್ಷದ ಕೊಟೇಶನ್ ಪಕ್ಕಕ್ಕಿಟ್ಟು ಎಸ್‌ಪಿ ರೋಡ್ ಸಾಮಾನಲ್ಲಿ ಮಶೀನ್ ಮಾನಿಟರಿಂಗ್: ನನ್ನ ಅನುಭವ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲೋ ಬೇರೆ ಕಡೆಯೋ ಸಿಎನ್‌ಸಿ (ಕಂಪ್ಯೂಟರ್ ಹೇಳ್ದಂಗೆ ಲೋಹ ಕತ್ತರಿಸೋ ಮಶೀನ್) ಜಾಬ್ ವರ್ಕ್, ಅಂದ್ರೆ ಬೇರೆಯವ್ರ ಆರ್ಡರ್‌ಗೆ ಬಿಡಿಭಾಗ ಮಾಡ್ಕೊಡೋ ಕೆಲ್ಸ, ಮಾಡೋರಿಗೆ ಅಂತ ಬರೀತಿದೀನಿ. ಓಇಇ ಅಂದ್ರೆ ಇರೋ ಟೈಮಲ್ಲಿ ಮಶೀನ್ ನೂರಕ್ಕೆ ಎಷ್ಟು ಪಾಲು ನಿಜವಾಗಿ ಒಳ್ಳೆ ಮಾಲು ಮಾಡ್ತು ಅನ್ನೋ ಲೆಕ್ಕ, ಸಿಟಿ ಕ್ಲಾಂಪ್ ಅಂದ್ರೆ ವೈರ್ ಕತ್ತರಿಸ್ದೇ ಮೇಲೆ ಹಾಕಿ ಎಷ್ಟು ಕರೆಂಟ್ ಹೋಗ್ತಿದೆ ಅಂತ ಅಳೆಯೋ ಸೆನ್ಸರ್, ಅದಕ್ಕಿಂತ ಜಾಸ್ತಿ ಹೇಳ್ತಾ ಕೂರಲ್ಲ. ಮಶೀನ್ ಓಡ್ತಿದ್ಯಾ ನಿಂತಿದ್ಯಾ ಅಂತ ತಾನಾಗೇ ಲೆಕ್ಕ ಇಡೋ ಡಬ್ಬ ಮಾಡೋಕ್ ಶುರು ಮಾಡ್ದಾಗ ಪಕ್ಕದ್ ಶೆಡ್ ಓನರ್ ಬಾಗಿಲಲ್ಲಿ ನಿಂತು "ಏನ್ ಗುರು, ಲೇತ್ ಬಿಟ್ಟು ರೇಡಿಯೋ ರಿಪೇರಿ ಹಿಡ್ಕೊಂಡ್ಯಾ" ಅಂತ ನಕ್ಕಿದ್ರು. ಹೋದ ತಿಂಗ್ಳು ಅವ್ರೇ ಬಂದು "ನಮ್ಗೂ ಒಂದ್ ನಾಲ್ಕು ಹಾಕ್ಕೊಡೋ" ಅಂದ್ರು. ಸರಿ, ಇನ್ನು ಬರೆಯೋ ಯೋಗ್ಯತೆ ಬಂತು ಅನ್ಕೊಂಡೆ.

ನಮ್ದು ಐದು ಟರ್ನಿಂಗ್ ಸೆಂಟರ್ (ಸಿಎನ್‌ಸಿ ಲೇತ್), ಎರಡು ವಿಎಂಸಿ (ಸಿಎನ್‌ಸಿ ಮಿಲ್ಲಿಂಗ್ ಮಶೀನ್). ಅದ್ರಲ್ಲಿ ಒಂದು ಟರ್ನಿಂಗ್ 2006ರ ಮಾಡೆಲ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಅದ್ರ ಕಥೆ ಬೇರೆ. ಎರಡು ಶಿಫ್ಟು, ಹದಿನಾಲ್ಕು ಜನ. ಒಬ್ಬ ದೊಡ್ಡ ಕಸ್ಟಮರ್ ವೆಂಡರ್ ಆಡಿಟ್‌ಗೆ ಒಬ್ಬ ಹುಡುಗನ್ನ ಕಳ್ಸಿದ್ರು, ಫಾರ್ಮಲ್ಲಿ ಓಇಇ ಎಷ್ಟು ಅಂತ ಒಂದು ಕಾಲಂ, ನಾನು ಧೈರ್ಯವಾಗಿ 80 ಅಂತ ಬರ್ದೆ. "ಡೇಟಾ ತೋರ್ಸಿ ಸರ್" ಅಂದ. ಲಾಗ್ ಬುಕ್ ಕೊಟ್ಟೆ. ಒಂದು ವಾರದ ಏಳು ಮಶೀನ್ ಎಂಟ್ರಿ ಎಲ್ಲ ಒಂದೇ ಪೆನ್ನು, ಒಂದೇ ಕೈಬರಹ, ಶನಿವಾರ ಸಂಜೆ ಕೂತು ಬರ್ದಿದ್ದು ಅಂತ ಕುರುಡನಿಗೂ ಗೊತ್ತಾಗೋ ಹಾಗಿತ್ತು. ಹುಡುಗ ಏನೂ ಅನ್ಲಿಲ್ಲ, ಮುಗುಳ್ನಕ್ಕು ಪುಟ ತಿರುಗಿಸ್ದ. ಆ ನಗು ನಂಗೆ ಬೈದಿದ್ದಕ್ಕಿಂತ ಜಾಸ್ತಿ ಚುಚ್ತು.

ಸಾಫ್ಟ್‌ವೇರ್ ವಿಷ್ಯದಲ್ಲಿ ಮೊದ್ಲೇ ಕೈ ಸುಟ್ಕೊಂಡಿದ್ದೆ. 2019ರಲ್ಲಿ ಒಂದು ಇಆರ್‌ಪಿ (ಕಂಪನಿ ಕೆಲ್ಸ, ಲೆಕ್ಕ ಎಲ್ಲ ಒಂದೇ ಕಡೆ ನೋಡೋ ಸಾಫ್ಟ್‌ವೇರ್) ಹಾಕ್ಸಿದ್ವಿ, ಸುಮಾರು ಎರಡು ಲಕ್ಷದ ನಲ್ವತ್ತು ಸಾವಿರ, ವರ್ಷ ವರ್ಷ ಎಎಂಸಿ ಅಂತ ಮೆಂಟೆನೆನ್ಸ್ ದುಡ್ಡು ಬೇರೆ. ಆಪರೇಟರ್ ಪ್ರತಿ ಜಾಬ್ ಮುಗಿದ್ಮೇಲೆ ಕಂಪ್ಯೂಟರ್ ಹತ್ರ ಹೋಗಿ ಎಂಟ್ರಿ ಮಾಡ್ಬೇಕು ಅಂತ ಅವ್ರ ಪ್ಲಾನು. ಕೂಲೆಂಟ್ ಹತ್ತಿದ ಕೈಯಲ್ಲಿ ಯಾರ್ ಕೀಬೋರ್ಡ್ ಮುಟ್ತಾರೆ, ಮೂರು ತಿಂಗ್ಳಿಗೆ ಆ ಕೀಬೋರ್ಡಲ್ಲಿ ಎಂಟರ್ ಕೀ ಒತ್ತಿದ್ರೆ ಮೇಲಕ್ಕೇ ಬರ್ತಿರ್ಲಿಲ್ಲ. ಕೊನೆಗೆ ಅದು ಡಿಸಿ (ಡೆಲಿವರಿ ಚಲನ್) ಪ್ರಿಂಟ್ ಮಾಡೋ ಮಶೀನ್ ಆಯ್ತು, ಲೆಕ್ಕ ಯಥಾಪ್ರಕಾರ ಟ್ಯಾಲಿಲಿ. 2023 ಆಗಸ್ಟಲ್ಲಿ ಇ-ಇನ್ವಾಯ್ಸ್ (ಬಿಲ್ಲನ್ನ ಜಿಎಸ್‌ಟಿ ಪೋರ್ಟಲಲ್ಲಿ ನೋಂದಾಯ್ಸೋದು) ಕಡ್ಡಾಯ ಆಗೋ ಟರ್ನ್‌ಓವರ್ ಮಿತಿ 5 ಕೋಟಿಗೆ ಇಳೀತಲ್ಲ, ಆಗ ಅವ್ರೇ ಫೋನ್ ಮಾಡಿ "ಸಾರ್ ಆ ಮಾಡ್ಯೂಲ್ ಇನ್ನೊಂದು ಮೂವತ್ತೈದು ಸಾವಿರ" ಅಂದ್ರು. ನಮ್ ಟರ್ನ್‌ಓವರೇ ಮೂರೂವರೆ ಕೋಟಿ ಆಸುಪಾಸು, ಬೇಡಪ್ಪ ಅಂತ ಫೋನ್ ಇಟ್ಟೆ.

ಆಡಿಟ್ ಆದ್ಮೇಲೆ ಇಂಡಸ್ಟ್ರಿ 4.0 (ಮಶೀನ್‌ಗಳನ್ನ ನೆಟ್‌ವರ್ಕ್‌ಗೆ ಜೋಡ್ಸಿ ಲೆಕ್ಕ ಇಡೋದು) ಮಾರೋ ಒಬ್ರು ಬಂದ್ರು, ಒಳ್ಳೆ ಪಿಪಿಟಿ, ಏಳು ಮಶೀನ್‌ಗೆ ಆರೂವರೆ ಲಕ್ಷ, ಆಮೇಲೆ ತಿಂಗ್ಳಿಗೆ ಮಶೀನ್‌ಗೆ ಇಷ್ಟು ಅಂತ ಬಾಡಿಗೆ ಥರ. ಎಲ್ಲಿಂದ ತರೋದು ಸ್ವಾಮಿ? ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಸರ್ಟಿಫಿಕೇಟಲ್ಲಿ ನಾವು ಮೈಕ್ರೋ, ಈಗಂತೂ 2025 ಏಪ್ರಿಲ್‌ನಿಂದ 10 ಕೋಟಿ ಟರ್ನ್‌ಓವರ್‌ವರೆಗೂ ಮೈಕ್ರೋನೇ, ಕಾನೂನು ಪ್ರಕಾರ 45 ದಿನದಲ್ಲಿ ದುಡ್ಡು ಬರ್ಬೇಕು. ಬರೋದು ತೊಂಬತ್ತಕ್ಕೆ. ಕೇಳೋಕ್ ಹೋದ್ರೆ ಮುಂದಿನ ಪಿಓ (ಆರ್ಡರ್) ಬರಲ್ಲ. ಅದು ನಿಮ್ಗೂ ಗೊತ್ತು, ಬಿಡಿ.

ಹಾಗಾಗಿ ಒಂದ್ ಶನಿವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಜಾರ್ ಎಸ್‌ಪಿ ರೋಡ್‌ಗೆ ಹೋಗಿ ಮೂರು ಇಎಸ್‌ಪಿ32 (ವೈಫೈ ಇರೋ ಪುಟ್ಟ ಕಂಟ್ರೋಲರ್) ಬೋರ್ಡು, ಮೂರು 30 ಆಂಪ್ಸ್ ಕ್ಲಾಂಪು ತಂದೆ. ಬೋರ್ಡು ನಾನೂರು ಚಿಲ್ರೆ, ಕ್ಲಾಂಪು ಆರ್ನೂರು ಇರ್ಬೇಕು. ಎಲ್ರೂ ಕೇಳೋ ಪ್ರಶ್ನೆ, ಮಶೀನ್ ಓಡ್ತಿದೆ ಅಂತ ತೋರ್ಸೋ ಟವರ್ ಲ್ಯಾಂಪ್‌ನ ಹಸಿರು ದೀಪದ 24 ವೋಲ್ಟನ್ನೇ ಆಪ್ಟೋಕಪ್ಲರ್ (ಬೋರ್ಡ್ ಸುಡದಂಗೆ ಸಿಗ್ನಲ್ ದಾಟ್ಸೋ ಬಿಡಿಭಾಗ) ಹಾಕಿ ತಗೋಬಹುದಿತ್ತಲ್ಲ ಅಂತ. ನಾನೂ ಮೊದ್ಲು ಅದೇ ಮಾಡಿದ್ದು. ಒಂದ್ ಮಶೀನಲ್ಲಿ ದೀಪ ಸುಟ್ಟು ಎಷ್ಟ್ ಕಾಲ ಆಗಿತ್ತೋ, 2006ರದ್ದಕ್ಕೆ ದೀಪಾನೇ ಇಲ್ಲ, ವಾರಂಟಿಲಿರೋ ವಿಎಂಸಿ ಪ್ಯಾನೆಲ್ ತೆಗೆದ್ರೆ ಸರ್ವಿಸ್ ಇಂಜಿನಿಯರ್ ಕಣ್ ಕೆಂಪು ಮಾಡ್ತಾನೆ. ಅದೆಲ್ಲಕ್ಕಿಂತ ಮುಖ್ಯ, ಹಸಿರು ದೀಪ ಸುಳ್ಳು ಹೇಳತ್ತೆ. ಫೀಡ್ ಓವರ್‌ರೈಡ್ (ಟೂಲ್ ಮುಂದೆ ಹೋಗೋ ವೇಗದ ನಾಬ್) 10 ಪರ್ಸೆಂಟ್‌ಗೆ ಇಳ್ಸಿ ಟೀ ಕುಡಿಯೋಕೆ ಹೋದ್ರೂ ದೀಪ ಹಸಿರೇ. ಕರೆಂಟ್ ಹಾಗಲ್ಲ, ಕಟಿಂಗ್ ಜೋರಾಗಿದ್ದಾಗ ಏರತ್ತೆ.

ಮೊದಲ್ನೇ ವಾರ ಎಲ್ಲಾ ಸೊನ್ನೆ. ಕ್ಲಾಂಪೇ ಡೂಪ್ಲಿಕೇಟು ಅಂತ ಎಸ್‌ಪಿ ರೋಡ್‌ಗೆ ವಾಪಸ್ ಹೋಗಿ ಅಂಗ್ಡಿಯವನ ಹತ್ರ ಜಗಳ ಆಡಿ ಎರಡು ಬದಲಾಯಿಸ್ಕೊಂಡ್ ಬಂದೆ, ಅವೂ ಸೊನ್ನೆ. ನಮ್ಮಲ್ಲಿ ಐಟಿಐ ಅಪ್ರೆಂಟಿಸ್ ಹುಡುಗಿ ಇದಾಳೆ, ಅವ್ಳು ಮೆಲ್ಲಗೆ ಬಂದು "ಸರ್, ಪೂರ್ತಿ ಕೇಬಲ್ ಮೇಲೆ ಹಾಕಿದ್ರೆ ಬರಲ್ಲ, ಒಂದ್ ಫೇಸ್ ವೈರ್ ಮೇಲೆ ಮಾತ್ರ ಹಾಕ್ಬೇಕು" ಅಂದ್ಲು. ಇಪ್ಪತ್ತು ವರ್ಷದಿಂದ ಶಾಪ್ ನಡೆಸ್ತಿರೋ ನಾನು ಎಲೆಕ್ಟ್ರಿಷಿಯನ್ ಕ್ಲಾಂಪ್ ಎಲ್ಲಿ ಹಾಕಿದಾನೆ ಅಂತ ನೋಡೇ ಇರ್ಲಿಲ್ಲ. ಅಂಗ್ಡಿಯವ್ನಿಗೆ ಆಮೇಲೆ ಸಾರಿ ಹೇಳ್ದೆ, ಅವ್ನು ನಕ್ಕು ಇನ್ನೊಂದು ಬೋರ್ಡ್ ಮಾರ್ದ.

ಎರಡ್ನೇದು ಕೋಡು. ನಂಗೆ ಜಿ ಕೋಡ್ (ಸಿಎನ್‌ಸಿ ಮಶೀನ್ ನಡ್ಸೋ ಭಾಷೆ) ಬರತ್ತೆ, ಬೋರ್ಡಿಗೆ ಬೇಕಾದ ಈ ಕೋಡ್ ಬರಲ್ಲ. ಒಂದು ಎಐ ಚಾಟಲ್ಲಿ ಕೇಳ್ದೆ, ಎರಡ್ ನಿಮಿಷದಲ್ಲಿ ಬರ್ಕೊಡ್ತು, ಟೇಬಲ್ ಮೇಲೆ ಚೆನ್ನಾಗಿ ಓಡ್ತು, ವೈಫೈ ಆನ್ ಮಾಡಿದ ತಕ್ಷಣ ರೀಡಿಂಗ್ ಹೋಗ್ತಿತ್ತು. ಹತ್ತು ರಾತ್ರಿ ಹಾಳಾಯ್ತು ಇದೊಂದಕ್ಕೆ. ಇಎಸ್‌ಪಿ32ರಲ್ಲಿ ಎಡಿಸಿ2 (ಸೆನ್ಸರ್ ವೋಲ್ಟೇಜನ್ನ ಅಂಕಿ ಮಾಡೋ ಭಾಗ) ಪಿನ್‌ಗಳು ವೈಫೈ ಜೊತೆ ಕೆಲ್ಸ ಮಾಡಲ್ಲ, ಎಡಿಸಿ1 ಪಿನ್‌ಗೇ ಹಾಕ್ಬೇಕು, ಡೇಟಾಶೀಟಲ್ಲಿ ಇದೆ, ಓದಿದ್ರೆ ತಾನೇ. ಎಐ ಆರಾಮಾಗಿ ಎಡಿಸಿ2 ಪಿನ್ ಕೊಟ್ಟಿತ್ತು, ತಪ್ಪು ಅಂತ ಹೇಳಿದ್ರೆ "ನೀವು ಹೇಳಿದ್ದು ಸರಿ" ಅಂತು. ನಮ್ ಸೂಪರ್‌ವೈಸರ್ ಥರಾನೇ. ಹೊಸ ರೌಟರ್ ತಂದೆ, ಅದು 5 ಗಿಗಾಹರ್ಟ್ಸ್‌ಗೆ ಸೆಟ್ ಆಗಿತ್ತು, ಈ ಬೋರ್ಡು 2.4 ಬಿಟ್ರೆ ಬೇರೆ ನೋಡಲ್ಲ, ಅದ್ರಲ್ಲಿ ಇನ್ನೆರಡು ದಿನ.

ಆಮೇಲೆ ಕರೆಂಟ್ ಹೋಗೋದು. ಹೋಗಿ ಬಂದಾಗ ಬೋರ್ಡಿಗೆ ಟೈಮ್ ಮರ್ತೋಗತ್ತೆ, ಇಂಟರ್ನೆಟ್ ಬರೋಕ್ ಮುಂಚೆ ಬರ್ದಿದ್ದೆಲ್ಲ 1970 ಜನವರಿ 1 (ಕಂಪ್ಯೂಟರ್ ಗಡಿಯಾರದ ಸೊನ್ನೆ ದಿನ) ಅಂತ ಗೂಗಲ್ ಶೀಟಲ್ಲಿ ಬೀಳ್ತಿತ್ತು. ನಾನ್ ಹುಟ್ಟೋಕ್ ಮುಂಚೇನೇ ನಮ್ ಎರಡ್ನೇ ಮಶೀನ್ ಬೆಳಗ್ಗೆ ಐದೂವರೆಗೆ ಓಡ್ತಾ ಇತ್ತು. ನೂರೈವತ್ತು ರೂಪಾಯಿ ಆರ್‌ಟಿಸಿ (ಬ್ಯಾಟರಿ ಗಡಿಯಾರ) ಮಾಡ್ಯೂಲ್ ಹಾಕಿದ್ಮೇಲೆ ಸರಿ ಹೋಯ್ತು. ಗೂಗಲ್ ಶೀಟೂ ಹತ್ತು ಸೆಕೆಂಡ್‌ಗೊಂದು ಸಾಲು ತುಂಬಿ ತುಂಬಿ ಒಂದೂವರೆ ತಿಂಗ್ಳಿಗೆ ಓಪನ್ ಆಗೋಕೇ ಉಸ್ರು ಬಿಡೋಕ್ ಶುರು ಮಾಡ್ತು. ಈಗ ಮಗನ ಹಳೇ ಲ್ಯಾಪ್‌ಟಾಪಲ್ಲಿ ಎಂಕ್ಯೂಟಿಟಿ (ಸೆನ್ಸರ್ ಮೆಸೇಜ್ ಸಾಗ್ಸೋ ವ್ಯವಸ್ಥೆ) ಹಾಕಿದೀನಿ, ಅದಕ್ಕೆ ಬೇರೆ ರೌಟರು, ಆಫೀಸ್ ನೆಟ್‌ವರ್ಕ್‌ಗೆ ಸೇರ್ಸೇ ಇಲ್ಲ. ಯಾಕಂದ್ರೆ ಹಿಂದೊಮ್ಮೆ ದುಡ್ಡುಳ್ಸೋಕ್ ಹೋಗಿ ಕ್ರ್ಯಾಕ್ ಮಾಡಿದ ಡ್ರಾಯಿಂಗ್ ಸಾಫ್ಟ್‌ವೇರ್ ಹಾಕ್ಸಿ, ರಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವೈರಸ್) ನುಗ್ಗಿ, ಸರಿಯಾಗಿ ಮಾರ್ಚ್ ಕೊನೆ ವಾರ ಅಕೌಂಟ್ಸ್ ಕಂಪ್ಯೂಟರ್ ಫೈಲೆಲ್ಲ ಲಾಕ್ ಆಗಿತ್ತು. ಸಿಎ ಹತ್ರ ಜನವರಿವರೆಗಿನ ಬ್ಯಾಕಪ್ ಇತ್ತು ಅಂತ ಬದುಕಿದ್ವಿ, ಉಳಿದಿದ್ದು ಬಿಲ್ ಕಟ್ಟು ಬಿಚ್ಚಿ ಕೂತು ಹೊಡೆದಿದ್ದು.

ಕಷ್ಟದ ಭಾಗ ಐಡಲ್ ಯಾವ್ದು ಕಟಿಂಗ್ ಯಾವ್ದು ಅಂತ ಬೇರೆ ಮಾಡೋದು. ನಮ್ ಟರ್ನಿಂಗ್ ಸೆಂಟರ್ ಸುಮ್ನೆ ನಿಂತಿದ್ರೆ ಎರಡೂವರೆ ಮೂರು ಆಂಪ್ಸ್, ರಫಿಂಗಲ್ಲಿ (ಮೊದಲ ದಪ್ಪ ಕಟಿಂಗ್) ಎಂಟು ಹತ್ತು ಹನ್ನೆರಡೂ ಹೋಗತ್ತೆ, ಅದು ಸುಲಭ. ಅಲ್ಯೂಮಿನಿಯಂ ಫಿನಿಶಿಂಗ್ ಪಾಸ್ (ಕೊನೇ ತೆಳು ಕಟಿಂಗ್) ಇದ್ಯಲ್ಲ, ಅದು ಐಡಲ್‌ಗೂ ಅದಕ್ಕೂ ವ್ಯತ್ಯಾಸನೇ ಗೊತ್ತಾಗಲ್ಲ. ಸರಾಸರಿ ತಗೊಂಡ್ರೆ ಕೆಟ್ರಿ. ಏರಿಳಿತ ನೋಡ್ಬೇಕು, ಅಷ್ಟ್ ಹೇಳ್ತೀನಿ, ಎಷ್ಟ್ ಸೆಕೆಂಡ್ ನೋಡ್ಬೇಕು ಯಾವ್ದನ್ನ ಯಾವ್ದರಿಂದ ಕಳೀಬೇಕು ಅನ್ನೋದು ನನ್ ಹತ್ರಾನೇ ಇರ್ಲಿ, ಎರಡ್ ತಿಂಗ್ಳು ನಿದ್ದೆ ಕೆಟ್ಟಿದೀನಿ ಅದಕ್ಕೆ. ಸ್ಪಿಂಡಲ್ (ಮಶೀನಿನ ತಿರುಗೋ ಭಾಗ) ಸ್ಟಾರ್ಟ್ ಆಗೋವಾಗ ಬರೋ ಜಿಗಿತ ಹಿಡಿದು ಪೀಸ್ ಕೌಂಟೂ ತೆಗೀತೀನಿ, ನೂರಕ್ಕೆ ಎರಡು ಮೂರು ತಪ್ಪತ್ತೆ, ನಡೀತದೆ.

ಮೊದಲ ಪೂರ್ತಿ ವಾರದ ಓಇಇ ಲೆಕ್ಕ ಬಂತು, 43. ನಾನು ಬರ್ದಿದ್ದು 80 ನೆನಪಿದ್ಯಲ್ಲ. ಸಿಟ್ಟು ಬಂತು, ನೇರ ಆಪರೇಟರ್‌ಗಳ ಮೇಲೆ. ಅವ್ರೂ ಆಗ್ಲೇ ಮುಖ ಊದಿಸ್ಕೊಂಡಿದ್ರು, ಬಾಗಲಕೋಟೆ ಕಡೆಯವ್ರು ಒಬ್ರಿದಾರೆ ಸೀನಿಯರ್ರು, "ಈ ಡಬ್ಬಿ ನಮ್ಮನ್ ಕಾಯಾಕ ಹಚ್ಚೀರೇನ್ರಿ ಸರ?" ಅಂತ ಕೇಳಿದ್ರು. ಇಲ್ಲಪ್ಪ ಮಶೀನ್‌ಗೆ ಅಂತ ಸುಳ್ಳು ಹೇಳ್ದೆ. ಗ್ರಾಫಲ್ಲಿ ಮೂರ್ನೇ ಮಶೀನ್ ವಾರದಲ್ಲಿ ನಾಲ್ಕು ದಿನ ಹತ್ತೂಮುಕ್ಕಾಲಿಗೆ ನಿಂತು ಹನ್ನೊಂದೂವರೆವರೆಗೂ ನಿಂತೇ ಇದೆ. ಶುಕ್ರವಾರ ಆ ಹೊತ್ತಿಗೇ ಬೇಕಂತ ಹೋಗಿ ನಿಂತೆ. ಆ ಸೀನಿಯರ್ರು ಟರೆಟ್ (ಟೂಲ್ ಕೂರ್ಸೋ ಭಾಗ) ಮುಂದೆ ಸ್ಟೂಲ್ ಹಾಕ್ಕೊಂಡು ಕೂತಿದಾರೆ, ಕೈಯಲ್ಲಿ ಸವೆದ ಇನ್ಸರ್ಟು (ಟೂಲಿಗೆ ಹಾಕೋ ಕಟಿಂಗ್ ತುದಿ), ಅದನ್ನೇ ಬೆರಳಲ್ಲಿ ತಿರುಗಿಸ್ತಾ. ಯಾಕ್ ನಿಲ್ಸಿದೀರಿ ಅಂದೆ. "ಇನ್ಸರ್ಟ್ ಮುಗದಾವ್ರಿ. ಕೀಲಿ ನಿಮ್ ಕಿಸೆದಾಗ ಐತಲ್ರಿ."

ಜೇಬಿಗೆ ಕೈ ಹಾಕಿದೆ, ಇತ್ತು. ಇನ್ಸರ್ಟ್ ಕಳುವಾಗ್ತಿದೆ ಅಂತ ಎರಡ್ ವರ್ಷದ ಹಿಂದೆ ಕಪಾಟಿಗೆ ಬೀಗ ಹಾಕಿದವ್ನು ನಾನೇ, ಬೆಳಗ್ಗೆ ಬ್ಯಾಂಕು ಕಸ್ಟಮರ್ರು ಅಂತ ಹನ್ನೊಂದೂವರೆಗೆ ಶಾಪ್‌ಗೆ ಬರೋನೂ ನಾನೇ. ಇನ್ನೂರೈವತ್ತರ ಇನ್ಸರ್ಟ್ ಕಾಯೋಕೆ ಗಂಟೆಗೆ ನಾನೂರೈವತ್ತು ದುಡಿಯೋ ಮಶೀನ್ ನಿಲ್ಸಿದ್ದೆ. ಈಗ ಕೀ ಸೂಪರ್‌ವೈಸರ್ ಹತ್ರ, ಸವೆದಿದ್ದು ಕೊಟ್ಟು ಹೊಸದು ತಗೊಳೋ ಪದ್ಧತಿ. ಕಳವು ಪೂರ್ತಿ ನಿಂತಿಲ್ಲ, ತಿಂಗ್ಳಿಗೆ ನಾಲ್ಕೈದು ಹೋಗ್ತಾವೆ, ಹೋಗ್ಲಿ.

ಮಶೀನ್ ನಿಲ್ಲೋಕೆ ಇನ್ನೊಂದು ಕಾರಣ ಫಸ್ಟ್ ಪೀಸ್ ಅಪ್ರೂವಲ್, ಅಂದ್ರೆ ಮೊದಲ ಪೀಸ್ ಅಳತೆ ನೋಡಿ ಒಪ್ಪೋದು. ಏಳು ಮಶೀನ್‌ಗೆ ಒಬ್ನೇ ಕ್ಯೂಸಿ (ಕ್ವಾಲಿಟಿ ಚೆಕ್) ಹುಡುಗ, ಸೆಟ್ಟಿಂಗ್ ಆದ್ಮೇಲೆ ನಲ್ವತ್ತು ನಿಮಿಷ ಕಾಯೋದು ಮಾಮೂಲಾಗಿತ್ತು. ಎರಡ್ನೇ ಸೆಟ್ ಮೈಕ್ರೋಮೀಟರು ಬೋರ್ ಗೇಜು ತಂದು ಸೀನಿಯರ್ ಆಪರೇಟರ್‌ಗೇ ಸೈನ್ ಮಾಡೋ ಅಧಿಕಾರ ಕೊಟ್ಟೆ. ಹತ್ತು ನಿಮಿಷಕ್ಕಿಂತ ಜಾಸ್ತಿ ನಿಂತ್ರೆ ಟೆಲಿಗ್ರಾಂ ಮೆಸೇಜ್ ಬರೋ ಹಾಗ್ ಮಾಡಿದೀನಿ, ಮೊದ್ಲು ನನ್ ಫೋನಿಗೇ ಬರ್ತಿತ್ತು, ರಾತ್ರಿ ಎರಡ್ನೇ ಶಿಫ್ಟಲ್ಲಿ ಟಿಂಗ್ ಟಿಂಗ್ ಅಂತ, ನಮ್ಮನೆಯವ್ರು "ಅಲ್ಲೇ ಹಾಸ್ಗೆ ಹಾಕ್ಕೊಳಿ" ಅಂದ್ಮೇಲೆ ಶಿಫ್ಟ್ ಸೂಪರ್‌ವೈಸರ್‌ಗೆ ತಿರುಗ್ಸಿದೆ.

ನಾಲ್ಕು ತಿಂಗ್ಳಿಗೆ ಓಇಇ 61, 62ರ ಹತ್ರ ಬಂತು. ಲೆಕ್ಕ ಹಾಕಿದ್ರೆ ತಿಂಗ್ಳಿಗೆ ಐನೂರು ಗಂಟೆ ಸಿಕ್ಕಂಗೆ, ಅಷ್ಟಕ್ಕೂ ಆರ್ಡರ್ ಎಲ್ಲಿದೆ ಬಿಡಿ, ಬಿಲ್ ಆಗಿದ್ದು ಎಪ್ಪತ್ತು ಎಂಬತ್ತು ಸಾವಿರ ಎಕ್ಸ್‌ಟ್ರಾ ಇರ್ಬೇಕು. ನಿಜವಾದ ಉಳಿತಾಯ ಬೇರೆ. ಎಂಟ್ನೇ ಮಶೀನ್‌ಗೆ ಇಪ್ಪತ್ತೆರಡು ಲಕ್ಷ ಲೋನ್ ಸ್ಯಾಂಕ್ಷನ್ ಆಗಿತ್ತು, ಕೆಪಾಸಿಟಿ ಸಾಲ್ತಿಲ್ಲ ಅಂತ. ತಗೊಳ್ಲಿಲ್ಲ. ಒಟ್ಟು ಖರ್ಚು ಏಳು ಮಶೀನ್‌ಗೆ ಹದಿನೈದು ಸಾವಿರ, ಸುಟ್ಟಿದ್ದು ಬಿಸಾಕಿದ್ದು ಸೇರ್ಸಿದ್ರೆ ಇನ್ನೊಂದು ಹನ್ನೊಂದು.

ಮಿಕ್ಕಿದ್ದ ಒಂದು ಕ್ಲಾಂಪನ್ನ ಸುಮ್ನೆ ಗಾಳಿ ಕಂಪ್ರೆಸರ್‌ಗೆ ಹಾಕಿದ್ದೆ. ಶಿಫ್ಟ್ ಮುಗಿದ್ಮೇಲೆ, ಒಂದ್ ಮಶೀನೂ ಓಡದೇ ಇರೋ ರಾತ್ರೀಲಿ, ಕಾಲು ಗಂಟೆಗೊಂದ್ಸಲ ಲೋಡ್ ತಗೋತಾ ಇದೆ. ಎಲ್ಲ ನಿಂತಿರೋ ಭಾನುವಾರ ಹೋಗಿ ಕಿವಿ ಕೊಟ್ಟು ಕೇಳಿದ್ರೆ ಶೆಡ್ ತುಂಬ ಹಾವು ಬಿಟ್ಟಂಗೆ ಬುಸ್ ಬುಸ್. ಸೋಪ್ ನೀರು ಹಚ್ಚಿ ಹದಿನೇಳೋ ಹದಿನೆಂಟೋ ಲೀಕ್ ಹಿಡಿದ್ವಿ. ಬೆಸ್ಕಾಂ ಬಿಲ್ಲಲ್ಲಿ ತಿಂಗ್ಳಿಗೆ ನಾಲ್ಕೈದು ಸಾವಿರ ಇಳೀತು. ಆ ಖುಷೀಲಿ ಬೇರಿಂಗ್ ಹೋಗೋದನ್ನೂ ಮೊದ್ಲೇ ಹೇಳೋಣ ಅಂತ ಇನ್ನೂರು ರೂಪಾಯಿ ವೈಬ್ರೇಶನ್ ಸೆನ್ಸರ್ ಸ್ಪಿಂಡಲ್ ಹೆಡ್‌ಗೆ ಅಂಟಿಸಿದ್ದೆ. ಸೆನ್ಸರ್ ಪ್ರಕಾರ ಎಲ್ಲ ಚೆನ್ನಾಗಿರೋ ದಿನಾನೇ ಬೇರಿಂಗ್ ಹೋಗಿ ಎಂಬತ್ತೈದು ಸಾವಿರ ಬಿಲ್ ಬಂತು. ಅದನ್ನ ಕಿತ್ತು ಡ್ರಾಯರಿಗೆ ಹಾಕಿದೀನಿ. 2006ರ ಮಶೀನ್ ಲೆಕ್ಕ ಇವತ್ತಿಗೂ ದಿನಕ್ಕೊಂದು ಥರ ತೋರ್ಸತ್ತೆ, ಅದಕ್ಕೆ ಮಾತ್ರ ಹಳೇ ಲಾಗ್ ಬುಕ್ಕೇ.

ಪಕ್ಕದ್ ಶೆಡ್‌ಗೆ ಎರಡು ಹಾಕ್ಕೊಟ್ಟು ಬಂದೆ, ಇನ್ನೆರಡು ಮುಂದಿನ ವಾರ. ಮೊದಲ್ನೇ ದಿನ 38 ಬಂತು. "ನಿನ್ ಡಬ್ಬ ಸರಿ ಇಲ್ಲ ಕಣೋ" ಅಂದ್ರು. ಒಂದ್ ವಾರ ಬಿಡಿ ಅಣ್ಣ, ಆಮೇಲ್ ಮಾತಾಡೋಣ ಅಂದಿದೀನಿ. ಡಬ್ಬಕ್ಕೆ ಎರಡೂವರೆ ಸಾವಿರ ಅಂತ ಮಾತಾಗಿದೆ, ದುಡ್ಡಿನ್ನೂ ಬಂದಿಲ್ಲ. 45 ದಿನ ನೋಡ್ತೀನಿ.