ಶರಾವತಿಯ ಚಿತ್ರದಲ್ಲಿ ಯಾವ ಹೆಸರು ಇರಬೇಕು, ಯಾವುದು ಬೇಡ

ಮಕ್ಕಳನ್ನು ಜೋಗಕ್ಕೆ ಕರೆದೊಯ್ಯುವ ಮುಂಚೆ ಶರಾವತಿ ವಿದ್ಯುತ್ ಯೋಜನೆಯ ಬಗ್ಗೆ ಐದು ನಿಮಿಷ ಮಾತನಾಡುವುದು ನನ್ನ ಪಾಲಿನ ಕೆಲಸ. ಅದಕ್ಕೆ ಒಂದೇ ಚಿತ್ರ. ಹೆಸರುಗಳಿಗೇನು ಬರ? ಲಿಂಗನಮಕ್ಕಿ, ಚಕ್ರಾ, ಸಾವೆಹಕ್ಲು, ತಳಕಳಲೆ, ಗೇರುಸೊಪ್ಪ ಅಣೆಕಟ್ಟುಗಳು, ಜೊತೆಗೆ ನಾಲ್ಕು ವಿದ್ಯುದಾಗಾರಗಳು. ಎಲ್ಲವನ್ನೂ ಬರೆದರೆ ನದಿಯೇ ಮುಚ್ಚಿಹೋಗುತ್ತದೆ.

ಹಾಗಾಗಿ ಮೊದಲು ಪ್ರಶ್ನೆಯನ್ನು ಗೊತ್ತುಮಾಡಿಕೊಂಡೆ: ಬೇಸಿಗೆಯಲ್ಲಿ ಜೋಗ ಸೊರಗಿದ್ದರೂ ವಿದ್ಯುತ್ತು ಹೇಗೆ ಬರುತ್ತದೆ? ಲಿಂಗನಮಕ್ಕಿಯ ನೀರು ಕಾಲುವೆಯಲ್ಲಿ ತಳಕಳಲೆಗೆ, ಅಲ್ಲಿಂದ ಕೊಳವೆಗಳಲ್ಲಿ ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಜಲಪಾತದ ತಂಟೆಗೇ ಹೋಗುವುದಿಲ್ಲ. ಇದನ್ನು ಹೇಳುವಾಗ ಕೋಲು ಎಲ್ಲೆಲ್ಲಿ ತಾಗುತ್ತದೆಯೋ ಅಲ್ಲಿಗಷ್ಟೇ ಹೆಸರು.

ಚಕ್ರಾ, ಸಾವೆಹಕ್ಲು ಲಿಂಗನಮಕ್ಕಿಗೆ ನೀರು ಕೂಡಿಸುತ್ತವೆ, ನಿಜ. ಆದರೆ ಕೋಲು ಅತ್ತ ಹೋಗುವುದಿಲ್ಲ. ಹೆಸರನ್ನಷ್ಟೇ ಅಲ್ಲ, ಅವುಗಳ ಗೆರೆಗಳನ್ನೂ ಅಳಿಸಿದೆ. ಹೆಸರಿಲ್ಲದ ಗೆರೆ ಕಂಡರೆ "ಅದೇನು ಸಾರ್?" ಎಂದು ಯಾರಾದರೂ ಕೇಳದೆ ಬಿಡುವುದಿಲ್ಲ, ಐದರಲ್ಲಿ ಒಂದು ನಿಮಿಷ ಅಲ್ಲೇ ಮುಗಿಯುತ್ತದೆ. ತಲೆಕೆಡಿಸಿದ್ದು 1948ರ ಮಹಾತ್ಮ ಗಾಂಧಿ ವಿದ್ಯುದಾಗಾರ. ನನ್ನ ಪ್ರಶ್ನೆಗೆ ಅದು ಬೇಕಿಲ್ಲ, ಆದರೆ ಜೋಗಕ್ಕೆ ಹೋದವರ ಕಿವಿಗೆ ಆ ಹೆಸರು ಬಿದ್ದೇ ಬೀಳುತ್ತದೆ, ಅದೂ ಶರಾವತಿ ವಿದ್ಯುದಾಗಾರವೂ ಒಂದೇ ಎಂದುಕೊಳ್ಳುತ್ತಾರೆ. ಆದ್ದರಿಂದ ಉಳಿಸಿಕೊಂಡೆ, ಬೂದುಬಣ್ಣದಲ್ಲಿ.

ಅಂಕಿಗಳಲ್ಲಿ 1819 ಅಡಿ ಒಂದನ್ನೇ ಬರೆದೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟವನ್ನು ಮಳೆಗಾಲದಲ್ಲಿ ಪತ್ರಿಕೆಯಲ್ಲಿ ನೋಡದ ಮನೆ ನಮ್ಮ ಕಡೆ ಇಲ್ಲ. ಶರಾವತಿ ವಿದ್ಯುದಾಗಾರದ 1035 ಮೆಗಾವಾಟ್ ಬಾಯಿಮಾತಿಗೆ ಸಾಕು. 1, 2, 3 ಎಂದು ಗುರುತು ಹಾಕಿ ಮೂಲೆಯಲ್ಲಿ ವಿವರ ಕೊಡುವ ಪದ್ಧತಿ ಪಠ್ಯಪುಸ್ತಕಕ್ಕೆ ಸರಿ. ಇಲ್ಲಿ ಕಣ್ಣು ಅಲ್ಲಿಗೂ ಇಲ್ಲಿಗೂ ಓಡಾಡುತ್ತಿರುವಾಗ ಮಾತು ಕೇಳುವವರಾರು?

ಇನ್ನೊಂದು ಸಣ್ಣ ಸಂಗತಿ. ಹೆಸರನ್ನು ಗೆರೆಯ ಮೇಲೆ ಒತ್ತಾಗಿ ಕೂರಿಸಿದರೆ "ಲಿಂಗನಮಕ್ಕಿ"ಯ ಒತ್ತಕ್ಷರ ಕೆಳಗಿಳಿದು ನದಿಯ ಗೆರೆಗೆ ಅಂಟಿಕೊಳ್ಳುತ್ತದೆ. ದೂರದಿಂದ ನೋಡಿದವರಿಗೆ ಅದು ಉಪನದಿ! ಒತ್ತಿನಷ್ಟು ಜಾಗ ಬಿಟ್ಟು ಮೇಲಕ್ಕೆತ್ತಿ, ಕೊನೆಯ ಬೆಂಚಿನಲ್ಲಿ ಕುಳಿತು ಓದಿ ನೋಡಿದೆ.

ಎಲ್ಲ ಅಣೆಕಟ್ಟುಗಳೂ ಇರುವ ಪೂರ್ತಿ ನಕ್ಷೆಯನ್ನು ಬಸ್ಸಿನಲ್ಲಿ ಹಂಚುತ್ತೇನೆ. ದಾರಿ ಉದ್ದವಿದೆ, ಪ್ರಶ್ನೆಗಳು ಅಲ್ಲಿ ಬರಲಿ.