ಕಾರವಾರಕ್ಕೆ ಹೊಸದಾಗಿ ಬಂದವರಿಗೆ: ಹೈಸ್ಕೂಲು, ಮಾನ್ಯತೆ, ಸುಧಾರಣಾ ಯೋಜನೆ

ಕೈಗಾಕ್ಕೋ ನೌಕಾನೆಲೆಗೋ ವರ್ಗವಾಗಿ ಬಂದವರು ಮೊದಲು ಬಾಡಿಗೆ ಮನೆ ಹುಡುಕುತ್ತಾರೆ. ಆಮೇಲೆ ಹತ್ತಿರ ಯಾವ ಹೈಸ್ಕೂಲಿದೆ ಎಂದು ನಮ್ಮ ಬಳಗಕ್ಕೆ ಫೋನ್ ಮಾಡುತ್ತಾರೆ. ಹತ್ತಿರ, ದೂರ ಆಮೇಲೆ ನೋಡಿ. ಮೊದಲು ಸರ್ಕಾರದ ಮಾನ್ಯತೆ ಇದೆಯಾ ಕೇಳಿ.

ಧಾರವಾಡದಿಂದ ಬಂದ ವರ್ಷ ನಾನು ಕೇಳಲಿಲ್ಲ. ಕಟ್ಟಡ ಚೆನ್ನಾಗಿತ್ತು, ಬಸ್ಸು ಮನೆ ಬಾಗಿಲಿಗೇ ಬರುತ್ತಿತ್ತು, ಮಗಳನ್ನು ಒಂಬತ್ತಕ್ಕೆ ಸೇರಿಸಿದೆವು. ಹತ್ತರಲ್ಲಿ ಎಸ್ಸೆಸ್ಸೆಲ್ಸಿ ನೋಂದಣಿ ಶುರುವಾದಾಗ ಗೊತ್ತಾಯಿತು, ಆ ಖಾಸಗಿ ಶಾಲೆ ಹೈಸ್ಕೂಲು ವಿಭಾಗದ ಮಾನ್ಯತೆಯನ್ನು ನವೀಕರಿಸಿಕೊಂಡೇ ಇರಲಿಲ್ಲ. ಬೇರೆ ಶಾಲೆಯ ಮೂಲಕ ಪರೀಕ್ಷೆಗೆ ಕೂರಿಸಲು ಎರಡು ತಿಂಗಳು ಓಡಾಡಿದೆವು. ಅಷ್ಟು ದಿನ ಮಗಳು ಪುಸ್ತಕ ಮುಟ್ಟಲಿಲ್ಲ.

ಎಂಟನೇ ತರಗತಿವರೆಗೆ ಮಾನ್ಯತೆ ಇದ್ದ ಮಾತ್ರಕ್ಕೆ ಒಂಬತ್ತು, ಹತ್ತಕ್ಕೂ ಇದೆ ಎಂದುಕೊಳ್ಳಬೇಡಿ. ಮಾನ್ಯತೆ ಆದೇಶದ ಪ್ರತಿ ಕೇಳಿ. ಯಾವ ತರಗತಿಗೆ, ಯಾವ ಮಾಧ್ಯಮಕ್ಕೆ, ಯಾವ ವರ್ಷದವರೆಗೆ, ಮೂರನ್ನೂ ಓದಿ. ಶಾಲೆಗಳ ಸರ್ಕಾರಿ ದತ್ತಾಂಶದಲ್ಲಿ ಕೊಡುವ 11 ಅಂಕಿಯ ಯುಡೈಸ್ ಸಂಖ್ಯೆ ತೋರಿಸಿದರೆ ಸಾಕಾಗುವುದಿಲ್ಲ, ಮಾನ್ಯತೆ ಇಲ್ಲದ ಶಾಲೆಗೂ ಅದು ಇರಬಹುದು. ಸಿಬಿಎಸ್‌ಇ ಶಾಲೆಯಾದರೆ ಸಂಯೋಜನೆ (ಅಫಿಲಿಯೇಶನ್) ಸಂಖ್ಯೆ ಕೇಳಿ. ಸಂಕೋಚ ಯಾಕೆ? ಸೀರೆ ಕೊಳ್ಳುವಾಗ ಸೆರಗು ಬಿಚ್ಚಿ ನೋಡುತ್ತೇವೆ ಅಲ್ವಾ?

ಅನುಮಾನ ಬಂದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ. ನಮ್ಮ ಉತ್ತರ ಕನ್ನಡದಲ್ಲಿ ಶೈಕ್ಷಣಿಕ ಜಿಲ್ಲೆಗಳು ಎರಡು. ಕರಾವಳಿಯ ಐದು ತಾಲ್ಲೂಕು ಕಾರವಾರಕ್ಕೆ, ಘಟ್ಟದ ಮೇಲಿನವು ಶಿರಸಿಗೆ. ಯಲ್ಲಾಪುರದವರು ಕಾರವಾರದ ಡಿಡಿಪಿಐ (ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರ) ಕಚೇರಿಗೆ ಬಂದರೆ ಸುಮ್ನೆ ಘಟ್ಟ ಇಳಿದು ಹತ್ತಿದ ಹಾಗೆ.

ಇನ್ನು ಸುಧಾರಣೆ. ಮಾನ್ಯತೆ ಎಂದರೆ ಶಾಲೆ ನಡೆಸಲು ಅನುಮತಿ ಅಷ್ಟೇ. ಗುಣಮಟ್ಟ ಅಳೆಯಲು ‘ಶಾಲಾ ಸಿದ್ಧಿ’ ಎಂಬ ಪದ್ಧತಿ ಇದೆ. 7 ಕ್ಷೇತ್ರ, 46 ಮಾನದಂಡ. ಶಾಲೆಯವರೇ ತಾವು ಯಾವ ಹಂತದಲ್ಲಿದ್ದೇವೆ ಎಂದು 1ರಿಂದ 3ರೊಳಗೆ ಗುರುತು ಹಾಕಿಕೊಳ್ಳುತ್ತಾರೆ. ಹಿಂದೆ ಬಿದ್ದದ್ದನ್ನು ಸುಧಾರಣಾ ಯೋಜನೆಗೆ ಸೇರಿಸುತ್ತಾರೆ. ಏಳನೆಯ ಕ್ಷೇತ್ರ ಸಮುದಾಯದ ಪಾಲ್ಗೊಳ್ಳುವಿಕೆ, ಅಂದರೆ ನಾವೇ. ‘ಎರಡು ವರ್ಷಕ್ಕೆ ಬಂದವರು, ನಮಗ್ಯಾಕೆ’ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ, ಪಾಲಕರ ಸಭೆ ತಪ್ಪಿಸುವವರು ಜಾಸ್ತಿ. ನಮಗೆ ಇದು ಬೇಸರದ ವಿಷಯ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಹಂಚು ಸೋರುತ್ತದೆ ಎಂದು ದೂರುವ ಬದಲು ಮೊದಲೇ ಸಭೆಯಲ್ಲಿ ಹೇಳಿ. ಮಳೆ ರಜೆಯಲ್ಲಿ ಹೋದ ಪಾಠ ಯಾವಾಗ ಮಾಡುತ್ತಾರೆ? ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರಿದೆಯಾ? ಗಣಿತದ ಮೇಷ್ಟ್ರ ಹುದ್ದೆ ಖಾಲಿ ಇದೆಯಾ? ಇವೆಲ್ಲ ಯೋಜನೆಯಲ್ಲಿ ಬರಹದಲ್ಲಿ ಇರಬೇಕು. ಯಾರ ಜವಾಬ್ದಾರಿ, ಯಾವ ತಿಂಗಳೊಳಗೆ ಎಂಬುದೂ ಇರಬೇಕು. ಮುಂದಿನ ಸಭೆಯಲ್ಲಿ ಅದೇ ಹಾಳೆ ತೆಗೆದು ಕೇಳಿ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಬಡವರ ಮಕ್ಕಳಿಗೂ ಶಾಲೆ ತೆರೆದ ಜಿಲ್ಲೆ ಇದು. ಇಲ್ಲಿ ಪಾಲಕರ ಕುರ್ಚಿ ಖಾಲಿ ಇರಬಾರದು.

ಸೇರಿಸುವಾಗ ಬೇಕಾದ್ದು:
ಟಿಸಿ
ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಸಂಖ್ಯೆ)
ಹಿಂದಿನ ತರಗತಿಯ ಅಂಕಪಟ್ಟಿ
ಆಧಾರ್ ಪ್ರತಿ
ಜಾತಿ, ಆದಾಯ ಪ್ರಮಾಣಪತ್ರ

ಟಿಸಿಯಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದ್ದರೂ ಹಳೇ ಊರಿನಲ್ಲೇ ತಿದ್ದಿಸಿಕೊಂಡು ಬನ್ನಿ.